ತೂತು ಮುಚ್ಚಿದ ಮೇಲೆ

ಅಲ್ಸರ್ ಆಳಕ್ಕಿಳಿದು ಜಠರದ ಗೋಡೆಯೇ ತೂತಾದರೆ ಒಳಗಿನ ಆಮ್ಲ ಹೊಟ್ಟೆಯ ತುಂಬ ಹರಡುತ್ತದೆ. ತಡೆಯಲಾಗದ ನೋವು ಒಮ್ಮೆಲೇ ಶುರುವಾಗಿ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. 1880ರಲ್ಲಿ ಸರ್ಜನ್ ಮಿಕುಲಿಚ್ ಇಂಥ ತೂತನ್ನು ಹೊಲಿದರು, ರೋಗಿ ಉಳಿಯಲಿಲ್ಲ. ಹೊಲಿಸಿಕೊಂಡ ರೋಗಿ ಬದುಕಿದ್ದು 1892ರಲ್ಲಿ, ಜರ್ಮನಿಯ ಹಾಯ್ಸ್ನರ್ ಕೈಯಲ್ಲಿ. ಆಮೇಲೆ ಸರ್ಜನ್ನರ ಧೈರ್ಯ ಬೆಳೆಯಿತು. ಅಲ್ಸರ್ ಮರುಕಳಿಸಬಾರದೆಂದು ಜಠರದ ಭಾಗವನ್ನೇ ಕತ್ತರಿಸಿದರು, ಆಮ್ಲ ಸುರಿಸುವಂತೆ ಜಠರವನ್ನು ಪ್ರಚೋದಿಸುವ ವೇಗಸ್ ನರವನ್ನು ಕಡಿದರು.

ಟೊರಾಂಟೊದ ರಾಸ್ಕೊ ಗ್ರಹಾಂ 1937ರಲ್ಲಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಊದಿಕೊಂಡ ಅಂಚುಗಳನ್ನು ಎಳೆದು ಬಿಗಿದರೆ ದಾರಕ್ಕೆ ಹರಿಯುತ್ತವೆ. ಅದರ ಬದಲು ಕರುಳಿನ ಮೇಲೆ ಇಳಿಬಿದ್ದಿರುವ ಕೊಬ್ಬಿನ ಪದರದ, ಅಂದರೆ ಒಮೆಂಟಮ್‌ನ, ಚೂರೊಂದನ್ನು ತೂತಿನ ಮೇಲಿಟ್ಟು ಹಗುರವಾಗಿ ಕಟ್ಟಿದರೆ ಸಾಕು. (ಒಮೆಂಟಮ್ಮನ್ನು ಕತ್ತರಿಸಿ ತೆಗೆಯದೆ, ರಕ್ತಸಂಚಾರ ಉಳಿಸಿಕೊಂಡೇ ಬಳಸುವುದನ್ನು ಸೆಲನ್-ಜೋನ್ಸ್ 1929ರಲ್ಲೇ ಬರೆದಿದ್ದರು. ಇಂದು ಗ್ರಹಾಂ ಹೆಸರಿನಲ್ಲಿ ನಡೆಯುವುದು ಹೆಚ್ಚಾಗಿ ಸೆಲನ್-ಜೋನ್ಸ್ ಅವರ ಕ್ರಮವೇ. ಶ್ರೇಯ ಅವರಿಗೂ ಸಲ್ಲಬೇಕು.) ಸೋಂಕಿನಿಂದ ಕುಸಿಯುತ್ತಿರುವ ದೇಹದ ಮೇಲೆ ಅತಿ ಕಡಿಮೆ ಭಾರ ಹೊರಿಸುವುದೇ ಈ ಆಪರೇಷನ್ನಿನ ಹೆಚ್ಚುಗಾರಿಕೆ. ನನ್ನ ಕಣ್ಣಿಗೆ ಶಸ್ತ್ರವೈದ್ಯದ ಅತ್ಯಂತ ವಿವೇಕದ ಕೆಲಸಗಳಲ್ಲಿ ಇದೂ ಒಂದು. 1990ರಿಂದೀಚೆಗೆ ಲ್ಯಾಪರೋಸ್ಕೋಪಿಯಿಂದ ಗಾಯ ಚಿಕ್ಕದಾಗಿದೆ, ತತ್ವ ಅದೇ ಉಳಿದಿದೆ.

ಮಿತಿಗಳಿಲ್ಲವೆಂದಲ್ಲ. ತೂತು ತೀರಾ ದೊಡ್ಡದಿದ್ದರೆ ತೇಪೆ ನಿಲ್ಲದೆ ಹೋಗಬಹುದು. ಜಠರದ ಹುಣ್ಣಾದರೆ ಕ್ಯಾನ್ಸರ್ ಅಡಗಿದೆಯೇ ಎಂದು ಬಯಾಪ್ಸಿ ಮಾಡಲೇಬೇಕು.

ನನ್ನ ಆಕ್ಷೇಪ ಇರುವುದು ಆಪರೇಷನ್ ಮುಗಿದ ಮೇಲಿನ ಉದಾಸೀನದ ಬಗ್ಗೆ. ತೇಪೆ ತೂತನ್ನು ಮುಚ್ಚುತ್ತದೆ, ಹುಣ್ಣಿನ ಕಾರಣವನ್ನು ಮುಟ್ಟುವುದಿಲ್ಲ. ಅಲ್ಸರ್‌ಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ತೋರಿಸಿಕೊಟ್ಟ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ತೂತು ಮುಚ್ಚಿಸಿಕೊಂಡ ಸೋಂಕಿತರ ಮೇಲೆ ಹಾಂಗ್‌ಕಾಂಗಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ಪಷ್ಟ: ಆಮ್ಲ ತಗ್ಗಿಸುವ ಮಾತ್ರೆಯನ್ನಷ್ಟೇ ಪಡೆದವರಲ್ಲಿ ವರ್ಷದೊಳಗೆ ಶೇ. 38ರಷ್ಟು ಮಂದಿಗೆ ಅಲ್ಸರ್ ಮರಳಿತು. ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡುವ ಔಷಧ ಪಡೆದವರಲ್ಲಿ ಸುಮಾರು ಶೇ. 5 ಮಂದಿಗೆ ಮಾತ್ರ. ಇನ್ನೊಂದು ದೊಡ್ಡ ಕಾರಣ, ಮಂಡಿನೋವು, ಮೈಕೈನೋವಿಗೆಂದು ಮೆಡಿಕಲ್ ಶಾಪಿನಿಂದ ಕೇಳಿ ತಂದು ನುಂಗುವ ನೋವಿನ ಮಾತ್ರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆದರೆ, ಡಿಸ್ಚಾರ್ಜ್ ಆಗುವ ಮುನ್ನ ವೈದ್ಯರನ್ನು ದಯವಿಟ್ಟು ಕೇಳಿ: ಪೈಲೋರಿ ಪರೀಕ್ಷೆ ಆಯಿತೇ? ಇನ್ನು ಯಾವ ನೋವಿನ ಮಾತ್ರೆ ಮುಟ್ಟಬಾರದು? ಎಂಡೋಸ್ಕೋಪಿಗೆ ಯಾವಾಗ ಬರಬೇಕು?