ತಟಸ್ಥ ನಾಡಿನ ದಡದಿಂದ ಒಂದು ಓದು

ಮದುಕ್ಕರೈಯಲ್ಲಿ ಕೂತು ಕೊರಿಯದ ಕಾದಂಬರಿಯೊಂದರ ಬಗ್ಗೆ ಬರೆಯುವುದು ತುಸು ವಿಚಿತ್ರವೆನಿಸಬಹುದು. ಇಲ್ಲಿ 1934ರ ಸಿಮೆಂಟ್ ಕಾರ್ಖಾನೆ, ಆಚೆಗೆ ವಾಳಯಾರ್. 1956ರವರೆಗೆ ಕೊಯಮತ್ತೂರು, ಮಲಬಾರ್ ಜಿಲ್ಲೆಗಳ ನಡುವಿನ ಗೆರೆಯಾಗಿದ್ದದ್ದು ಆಮೇಲೆ ರಾಜ್ಯಗಳ ಗಡಿಯಾಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ರೈಲಿನಲ್ಲಿ ಮಲಯಾಳವಾಗಿ ಬದುಕುವವರು ಈ ಸೀಮೆಯಲ್ಲಿದ್ದಾರೆ. ಆದರೆ ಚೊಯ್ ಇನ್-ಹುನ್ 1960ರಲ್ಲಿ ಬರೆದ 'ಚೌಕ' ಆರಂಭವಾಗುವುದೇ ಭಾರತದ ಕಡೆಗೆ ಹೊರಟ ಹಡಗಿನಲ್ಲಿ. ಆ ಹಡಗಿನ ಹೆಸರು ಟಾಗೋರ್! ಹೀಗಾಗಿ ಇದು ನಾವು ಹೊರಗೆ ನಿಂತು ಓದಬಹುದಾದ ಕೃತಿಯಲ್ಲ.

ನಾಯಕ ಮ್ಯೊಂಗ್-ಜುನ್ ಸಿಯೋಲಿನ ತತ್ವಶಾಸ್ತ್ರದ ವಿದ್ಯಾರ್ಥಿ. ತಂದೆ ಉತ್ತರಕ್ಕೆ ಹೋದ ಕಮ್ಯೂನಿಸ್ಟ್. ಆ ತಪ್ಪಿಗೆ ಮಗನಿಗೆ ಪೊಲೀಸರ ಏಟು. ಹೊಡೆಯುವವನು ಜಪಾನೀಯರ ಕಾಲದ ತನ್ನ ಪತ್ತೇದಾರಿಕೆಯನ್ನು ಹಂಬಲದಿಂದ ನೆನೆಯುವ ಮನುಷ್ಯ. 1910ರಿಂದ 1945ರವರೆಗಿನ ಆಕ್ರಮಣ ಮುಗಿದರೂ ಅದರ ಕೈ ಇನ್ನೂ ಕೆಲಸದಲ್ಲಿದೆ ಎಂಬುದನ್ನು ಲೇಖಕ ಭಾಷಣವಿಲ್ಲದೆ ಕಾಣಿಸುತ್ತಾನೆ. ನನ್ನ ಮಟ್ಟಿಗೆ ಕಾದಂಬರಿಯ ಅತ್ಯಂತ ಗಟ್ಟಿ ಭಾಗ ಇದೇ. ಅನಂತರ ಅವನು ಉತ್ತರಕ್ಕೆ ಹೋಗುತ್ತಾನೆ, ಅಲ್ಲಿಯೂ ಭ್ರಮನಿರಸನ, ಯುದ್ಧ, ಸೆರೆ. ದಕ್ಷಿಣದಲ್ಲಿ ಬರೀ ಕೋಣೆಗಳು, ಉತ್ತರದಲ್ಲಿ ಬರೀ ಚೌಕ ಎಂಬ ವಿಂಗಡಣೆ ಮಾತ್ರ ಸ್ವಲ್ಪ ಅಚ್ಚುಕಟ್ಟು ಹೆಚ್ಚಾಯಿತು. ಇಬ್ಬರು ಹೆಣ್ಣುಗಳೂ ಅವನ ದಣಿವಿಗೆ ಒದಗುವ ನೆರಳುಗಳಷ್ಟೆ. ನಮ್ಮ ನವ್ಯ ಕಾದಂಬರಿಗಳ ಒಂಟಿ ನಾಯಕರನ್ನು ಬಲ್ಲವರಿಗೆ ಈ ದೌರ್ಬಲ್ಯ ಹೊಸದೇನಲ್ಲ.

ಯುದ್ಧಕೈದಿಗಳ ವಿಚಾರಣೆಯ ದೃಶ್ಯದಲ್ಲಿ ಎರಡೂ ಕಡೆಯವರು ಕರೆಯುತ್ತಾರೆ; ಅವನು ತಟಸ್ಥ ದೇಶವೊಂದನ್ನೇ ಕೇಳುತ್ತಾನೆ. ಇದನ್ನು ಓದುವಾಗ ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯನವರು ನೆನಪಾಗದಿರಲು ಸಾಧ್ಯವಿಲ್ಲ. ಊರಿಗೆ ಮರಳಲು ಒಪ್ಪದ ಸುಮಾರು 22,500 ಕೈದಿಗಳ ಹಣೆಬರಹ 1953ರಲ್ಲಿ ಐದು ರಾಷ್ಟ್ರಗಳ ಆಯೋಗದ ಮುಂದೆ ಬಂತು. ಅದರ ಅಧ್ಯಕ್ಷರು ಅವರು. ಸಿಂಗ್‌ಮನ್ ರೀ ಭಾರತದ ಸೈನಿಕರಿಗೆ ದಕ್ಷಿಣದ ನೆಲ ಮೆಟ್ಟಲು ಬಿಡಲಿಲ್ಲವಾದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ನಿಸ್ಸೇನಾ ವಲಯಕ್ಕೆ ಸಾಗಿಸಬೇಕಾಯಿತು. ತಿಮ್ಮಯ್ಯನವರ ಬರಹ ಅವರ ಮರಣಾನಂತರ, 1981ರಲ್ಲಿ, ಪುಸ್ತಕವಾಯಿತು. ಕಾದಂಬರಿಯ ಜೊತೆಗಿಟ್ಟು ಓದಬೇಕಾದ ಪುಸ್ತಕ ಅದು. ಕೈದಿಗಳ ಶಿಬಿರಗಳೊಳಗೇ ಸಂಘಟಿತ ಗುಂಪುಗಳ ಬೆದರಿಕೆಯಿತ್ತು. ಯಾರ 'ಆಯ್ಕೆ' ನಿಜಕ್ಕೂ ಸ್ವತಂತ್ರ ಎಂದು ಹೇಳುವುದು ಆಯೋಗಕ್ಕೂ ಕಷ್ಟವಾಗಿತ್ತು. ಚೊಯ್ ಅವರ ನಾಯಕ ಮಾತ್ರ ಒಬ್ಬನೇ ನಿಂತು, ಸ್ಪಷ್ಟವಾಗಿ ಆರಿಸುತ್ತಾನೆ. ಶಿಬಿರದ ಆ ಭಯವನ್ನು ಕಾದಂಬರಿ ಬಿಟ್ಟುಕೊಟ್ಟಿದೆ ಎಂಬುದು ನನ್ನ ಆಕ್ಷೇಪ.

ಮಲಯಾಳದ ಓದುಗರಿಗೆ ಇಲ್ಲಿ ರವಿ ಅಡ್ಡಬರುತ್ತಾನೆ. ಒ. ವಿ. ವಿಜಯನ್ನರ 'ಖಸಾಕ್ಕಿಂಡೆ ಇತಿಹಾಸಂ' (1969) ಹುಟ್ಟಿದ ಪಾಲಕ್ಕಾಡಿನ ಸೀಮೆ ಮದುಕ್ಕರೈಗೆ ದೂರವೇನಲ್ಲ. ಎರಡಕ್ಕೂ ಒಂದೇ ಕಣಿವೆಯ ಗಾಳಿ. ರವಿಯೂ ಹೊರಟವನೇ, ಹಾವು ಕಚ್ಚಿ ಬಸ್ಸಿಗೆ ಕಾಯುತ್ತ ಮಲಗುತ್ತಾನೆ. ಮ್ಯೊಂಗ್-ಜುನ್ ನಡುಗಡಲಲ್ಲಿ ಹಡಗಿನಿಂದ ಇಲ್ಲವಾಗುತ್ತಾನೆ. ಇಬ್ಬರೂ ದಾರಿಯಲ್ಲೇ ಮುಗಿದವರು. ಆದರೆ ರವಿಯ ಬೆನ್ನು ಹತ್ತಿದ್ದು ಅವನದೇ ಪಾಪಪ್ರಜ್ಞೆ. ಇವನ ಬೆನ್ನು ಹತ್ತಿದ್ದು ಬೇರೆಯವರು ನಕ್ಷೆಯ ಮೇಲೆ ಎಳೆದ ಗೆರೆ. ಗಡಿನಾಡಿನವರಾದ ನಾವು ಈ ಗೆರೆಯನ್ನು ನಮ್ಮ ಗೆರೆಗೆ ಹೋಲಿಸಿ ಕಣ್ಣೊರೆಸಿಕೊಳ್ಳುವ ಆತುರ ಬೇಡ. ಕಾಸರಗೋಡಿನ ಗಡಿಯನ್ನು ಬಸ್ಸು ದಾಟುತ್ತದೆ.

1954ರ ಫೆಬ್ರವರಿಯಲ್ಲಿ ನಿಜವಾದ ಹಡಗು ಮದರಾಸಿಗೆ ಬಂತು. 76 ಕೊರಿಯನ್ನರು, 12 ಚೀನೀಯರು ಇಳಿದರು. ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಇಲ್ಲೇ ಉಳಿದರು. ಕಾದಂಬರಿಗೆ ಈ ದಡ ಬೇಡವಾಗಿದೆ. ಅದು ಲೇಖಕನ ಹಕ್ಕು. ಆದರೆ ಮದರಾಸಿನ ಬಂದರಿನಲ್ಲಿ ಇಳಿದವನು ಮೊದಲು ಯಾವ ಭಾಷೆಯಲ್ಲಿ ನೀರು ಕೇಳಿದ ಎಂಬಲ್ಲಿಂದ ಆರಂಭವಾಗುವ ಕಥೆಯನ್ನು ಓದುವ ಆಸೆ ನನ್ನದು.