ಕೃಪೆಯೋ, ಋಣವೋ?

ಜಿಂಬಾಬ್ವೆಯ ಲೇಖಕಿ ತ್ಸಿತ್ಸಿ ದಂಗಾರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’ (1988) ಕಾದಂಬರಿಯನ್ನು ಹೆಣ್ಣುಮಗಳೊಬ್ಬಳ ವಿದ್ಯಾಭ್ಯಾಸದ ವಿಜಯಗಾಥೆಯೆಂದಷ್ಟೇ ಓದಿದರೆ ಸಾಲದೆಂದು ನಾವು ಭಾವಿಸುತ್ತೇವೆ. ಶಾಲಾ ಶುಲ್ಕಕ್ಕಾಗಿ ಮೆಕ್ಕೆಜೋಳ ಬೆಳೆದ ತಾಂಬು, ಅಣ್ಣನು ತೀರಿಕೊಂಡ ಮೇಲಷ್ಟೇ ರೊಡೇಷಿಯಾದ ಮಿಶನ್ ಶಾಲೆಯಲ್ಲಿ ಅವನ ಸ್ಥಾನವನ್ನು ಪಡೆಯುತ್ತಾಳೆ. ಅಲ್ಲಿನ ಮುಖ್ಯೋಪಾಧ್ಯಾಯನಾದ ದೊಡ್ಡಪ್ಪ ಬಾಬಾಮುಕುರುವೇ ಅವಳ ಉಪಕಾರಿ. ಆ ಉಪಕಾರವು ಪ್ರತಿಯಾಗಿ ವಿಧೇಯತೆಯನ್ನು ಬೇಡುತ್ತದೆ.

ತಾಂಬುವಿನ ತಂದೆತಾಯಿಗಳು ಪಾಪದಲ್ಲಿ ಬಾಳುತ್ತಿರುವರೆಂದು ಬಗೆದು ಅವನು ಅವರಿಗೆ ಕ್ರೈಸ್ತ ವಿವಾಹವನ್ನು ಏರ್ಪಡಿಸುತ್ತಾನೆ. ತನ್ನ ಹುಟ್ಟನ್ನೇ ಹಾಸ್ಯಾಸ್ಪದವಾಗಿಸುವ ಆ ವಿಧಿಗೆ ಹೋಗಲು ಅವಳು ಒಪ್ಪುವುದಿಲ್ಲ. ಅದಕ್ಕೆ ದಂಡನೆಯಾಗಿ ಛಡಿಯೇಟು, ಮನೆಗೆಲಸ. ಅವನ ಸ್ವಂತ ಮಗಳು ನ್ಯಾಶಾ ಅನ್ನ ಸೇರದೆ ಕೃಶಳಾಗುತ್ತಾಳೆ.

ಬಾಬಾಮುಕುರುವನ್ನು ಖಳನೆಂದು ತಳ್ಳಿಹಾಕದೆ, ಮಿಶನ್ನಿನ ಋಣದಲ್ಲಿ ತಾನೂ ಸಿಲುಕಿದವನೆಂದು ಚಿತ್ರಿಸಿರುವುದು ಕೃತಿಯ ಹಿರಿಮೆ. ಕೃಪೆಯು ಉಚಿತವೆಂದು ಸಾರುವ ಸಭೆಯು, ತಾನಿತ್ತ ವಿದ್ಯೆಯನ್ನು ಸಾಲವೆಂದು ಬರೆದಿಟ್ಟುಕೊಳ್ಳಬಹುದೇ? ಕೃತಜ್ಞತೆಯನ್ನು ಬಲವಂತದಿಂದ ವಸೂಲು ಮಾಡುವ ದಾನವು ಕೃಪೆಯೆನಿಸಲಾರದು. ಶಾಲೆಗಳನ್ನು ನಡೆಸುವ ನಮ್ಮ ಸಭೆಗಳು, ‘ಒಲ್ಲೆ’ ಎನ್ನಬಲ್ಲ ವಿದ್ಯಾರ್ಥಿನಿಯನ್ನೂ ತಮ್ಮ ಸೇವೆಯ ಸತ್ಫಲವೆಂದೇ ಸ್ವೀಕರಿಸಬೇಕಾಗಿದೆ. ನಮ್ಮ ದೈವಶಾಸ್ತ್ರ ವಿದ್ಯಾರ್ಥಿಗಳು ಈ ಕೃತಿಯನ್ನು ಅವಶ್ಯವಾಗಿ ಓದಲಿ.