ಬಾಡುವ ಹೂವಿಗೆ ಎಣ್ಣೆಬಣ್ಣ

ವ್ಯಾನ್ ಗಾಗ್‌ನ ಸೂರ್ಯಕಾಂತಿ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ಹೂದಾನಿಯ ತುಂಬ ನಿಂತ ಹಳದಿ ಹೂಗಳು. ಕ್ಯಾಲೆಂಡರಿನಲ್ಲಿ, ದಿಂಬಿನ ಕವರಿನ ಮೇಲೆ, ಕೊನೆಗೆ ಬಿಸ್ಕತ್ತಿನ ಡಬ್ಬಿಯ ಮೇಲೂ ಅವೇ. ನನಗೆ ಅದಕ್ಕಿಂತ ಹಿಡಿಸಿದ್ದು 1887ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಬರೆದ, ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಪುಟ್ಟ ಚಿತ್ರ. ನಾನು ಕಂಡದ್ದು ಪುಸ್ತಕದ ಅಚ್ಚಿನಲ್ಲಷ್ಟೆ. ನೀರಿಲ್ಲ, ಹೂದಾನಿಯಿಲ್ಲ, ನೀಲಿಯ ಮೇಲೆ ಕೊಯ್ದಿಟ್ಟ ಎರಡೇ ಹೂ. ಒಂದು ನಮ್ಮತ್ತ ಮುಖ ಮಾಡಿದೆ, ಇನ್ನೊಂದು ಬೆನ್ನು ತೋರಿಸುತ್ತಿದೆ. ಎಸಳು ಸುರುಟಿವೆ.

ಎಣ್ಣೆಬಣ್ಣಕ್ಕೂ ಕೊಯ್ದ ಹೂವಿಗೂ ಮೊದಲಿನಿಂದಲೇ ಜಗಳ. ಬಣ್ಣ ಒಣಗಲು ದಿನಗಟ್ಟಲೆ ಬೇಕು. ಹೂವು ಅಷ್ಟು ಕಾಯುವುದಿಲ್ಲ. 1888ರ ಆಗಸ್ಟಿನಲ್ಲಿ, ಆರ್ಲ್ ಊರಿನ ತನ್ನ ಮನೆಗೆ ಗೆಳೆಯ ಗೋಗ್ಯಾಂ ಬರುವನೆಂದು ಗೋಡೆ ಸಿಂಗರಿಸಲು ಹೊರಟವನು, ಹೂ ಬೇಗ ಬಾಡುತ್ತವೆ, ಒಂದೇ ಪಟ್ಟಿಗೆ ಮುಗಿಸಬೇಕು ಎಂದು ತಮ್ಮನಿಗೆ ಕಾಗದ ಬರೆದ. ಹೊತ್ತು ಮೂಡಿದೊಡನೆ ಕೆಲಸ. ವಾರದೊಳಗೆ ನಾಲ್ಕು ಚಿತ್ರ! ಆ ಅವಸರ ದಪ್ಪ ಬಣ್ಣದಲ್ಲಿ ಉಳಿದಿದೆ. 1889ರ ಜನವರಿಯಲ್ಲಿ, ಹೂವೇ ಸಿಗದ ಚಳಿಯಲ್ಲಿ, ತನ್ನ ಚಿತ್ರವನ್ನೇ ನೋಡಿಕೊಂಡು ಮತ್ತೆ ಬರೆದ, ಆಂಸ್ಟರ್‌ಡ್ಯಾಮಿನಲ್ಲಿರುವುದು ಅಂಥದು. ಚೆಂದವೇನೋ ಇದೆ, ಆದರೆ ಎದುರಿಗೆ ಬಾಡುವ ಹೂವಿಲ್ಲ. ಅದರ ಬಣ್ಣವೂ ಮಾಸಿದೆ. ಇನ್ನು ಹೊರಗೆಲ್ಲೂ ಕಳಿಸುವುದಿಲ್ಲವೆಂದು 2019ರಲ್ಲಿ ಅಲ್ಲಿನ ಮ್ಯೂಸಿಯಮ್ಮಿನವರು ತೀರ್ಮಾನಿಸಿದರು.

ಬಾಡಿದ ಹೂವೆಂದರೆ ಸಾವು, ದುಃಖ ಎಂದು ಓದುವವರನ್ನು ನಾನು ಒಪ್ಪಲಾರೆ. ರಾಯಚೂರು ಕಡೆ ಹೊಲದಲ್ಲಿ ದುಡಿಯುವ ಹೆಂಗಸರನ್ನು ಕೇಳಿ ನೋಡಿ: ತಲೆ ಬಾಗಿ, ಹಿಂಬದಿ ಹಳದಿಯಾದ ಸೂರ್ಯಕಾಂತಿ ಎಂದರೆ ಕಾಳು ಬಲಿತಿದೆ, ಕುಡುಗೋಲು ತನ್ನಿ ಎಂದರ್ಥ. ನಮ್ಮ ಮನೆಗಳಲ್ಲಿ ಮಾತ್ರ ಬಾಡಿದ್ದು ನಿರ್ಮಾಲ್ಯ. ಬೆಳಗೆದ್ದು ತೆಗೆದು ಗಿಡದ ಬುಡಕ್ಕೆ ಹಾಕುತ್ತೇವೆ. ಇನ್ನು ಯಾರು ಹೂ ಮುಡಿಯಬಹುದು, ಯಾರು ಬಾರದು ಎಂಬ ಲೆಕ್ಕವೇ ಬೇರೆ. ಯಜಮಾನರು ಹೋದ ಮೇಲೆ ಮದುವೆಮನೆಗಳಲ್ಲಿ ಹೂವಿನ ತಟ್ಟೆ ನನ್ನನ್ನು ದಾಟಿ ಪಕ್ಕದವರಿಗೆ ಹೋಗುತ್ತದೆ. ಹೋಗಲಿ ಬಿಡಿ.

ಅದಕ್ಕೋ ಏನೋ, ಬೆನ್ನು ತಿರುಗಿಸಿದ ಆ ಹೂವನ್ನೇ ನಾನು ಹೆಚ್ಚು ಹೊತ್ತು ನೋಡುತ್ತೇನೆ. ಚಿತ್ರಕಾರ ಅದನ್ನು ಹೊರಳಿಸಿ ಸರಿ ಮಾಡಿಡಲು ಹೋಗಿಲ್ಲ. ಕತ್ತರಿಸಿದ ದಂಟು, ಅದರ ಸುತ್ತ ಒರಟು ಹಸಿರು. ಮುಖಕ್ಕೆ ಕೊಟ್ಟಷ್ಟೇ ಬಣ್ಣವನ್ನು ಬೆನ್ನಿಗೂ ಕೊಟ್ಟಿದ್ದಾನೆ.